ವಿಲೇವಾರಿ ಬಾಕಿ

ಎಮ್ಮೆಗೆ ಸೂಜಿ ಚುಚ್ಚುವ ಮೊದಲು ಅದರ ಹಿಂಭಾಗಕ್ಕೆ ಅಂಗೈಯಿಂದ ಎರಡು ಏಟು ಹಾಕುತ್ತಾರೆ. ಆ ಏಟಿಗೆ ಹೊಂದಿಕೊಂಡ ಚರ್ಮಕ್ಕೆ ಸೂಜಿ ಹೋದದ್ದು ತಿಳಿಯುವುದಿಲ್ಲವಂತೆ. ಇದನ್ನು ಕಲಿಯಲು ನಾನು ದನದ ಆಸ್ಪತ್ರೆಗೆ ಹೋಗಬೇಕಾಗಿ ಬರಲಿಲ್ಲ. ಹಿರೇಬೆಳವಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ದಾಕ್ಷಾಯಿಣಿ, ಜ್ವರವೆಂದು ಬಂದಿದ್ದ ಪಂಚಾಯಿತಿ ಅಧ್ಯಕ್ಷರನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ಊರ ಜನರ ಎದುರಿಗೇ ಆ ಎರಡು ಏಟು ಹಾಕಿದಳು. ಅಧ್ಯಕ್ಷರು ದೂರು ಬರೆದರು. ದೂರು ಎಲ್ಲ ಕಚೇರಿ ಸುತ್ತಿ ಕೊನೆಗೆ ನನ್ನ ಮೇಜಿನ ಮೇಲೆ ಬಂದು ಬಿತ್ತು. ಅವಳ ಕೈಗೆ ದನದ ಡಾಕ್ಟರರ ಕೈಯನ್ನು ತುಂಬಿದವನು ನಾನೇ.

ಸರ್ಕಾರದಲ್ಲಿ ಹುದ್ದೆ ಖಾಲಿ ಬಿದ್ದರೆ ಅದನ್ನು ಭರ್ತಿ ಮಾಡುವುದಿಲ್ಲ, ಪಕ್ಕದ ಕುರ್ಚಿಯವರಿಗೆ ಪ್ರಭಾರ ವಹಿಸುತ್ತಾರೆ. ಇದು ನಮ್ಮಜ್ಜನ ಕಾಲದಿಂದ ನಡೆದುಬಂದದ್ದು. ಪ್ರಭಾರ ತಾತ್ಕಾಲಿಕ ಎಂದು ಆದೇಶದಲ್ಲಿ ಬರೆದಿರುತ್ತದೆ, ಆ ತಾತ್ಕಾಲಿಕದಲ್ಲೇ ಮನುಷ್ಯ ನಿವೃತ್ತನಾಗುತ್ತಾನೆ. ಮೊದಲೆಲ್ಲ ಇದಕ್ಕೊಂದು ಮಿತಿ ಇತ್ತು. ಕಾಗದದ ಕೆಲಸವನ್ನು ಯಾರಾದರೂ ನೋಡಿಕೊಳ್ಳಬಹುದು, ಕೈಕೆಲಸ ಹಾಗಲ್ಲ. ಗಾಯಕ್ಕೆ ಹೊಲಿಗೆ ಹಾಕುವ ಪ್ರಭಾರವನ್ನು ಗುಮಾಸ್ತನಿಗೆ ಕೊಟ್ಟರೆ ರೋಗಿ ಎದ್ದು ಓಡಿಹೋಗುತ್ತಾನೆ. ಬಳೆ ಬಂದ ಮೇಲೆ ಆ ಮಿತಿಯೂ ಹೋಯಿತು.

ಬಳೆ ಎನ್ನುವುದು ಜನ ಇಟ್ಟ ಹೆಸರು. ಆದೇಶಗಳಲ್ಲಿ ಅದು ‘ಹಸ್ತಕೌಶಲ್ಯ ವರ್ಗಾವಣಾ ಸಾಧನ’. ಎರಡೂ ಮಣಿಕಟ್ಟಿಗೆ ಒಂದೊಂದು ಲೋಹದ ಬಳೆ, ತಲೆಗೊಂದು ಟೊಪ್ಪಿಗೆ, ಅಷ್ಟೇ. ನಮ್ಮ ಮಿದುಳಿನಲ್ಲಿ ಕೈಗಳನ್ನು ಆಡಿಸುವುದಕ್ಕೆಂದೇ ಒಂದಿಷ್ಟು ಜಾಗವಿದೆ. ವರ್ಷಗಟ್ಟಲೆ ಮಾಡಿದ ಕೈಕೆಲಸ ಅಲ್ಲಿ ಬೇರೂರಿ ಒಂದು ಮಡಿಯಾಗಿ ನಿಲ್ಲುತ್ತದೆ. ನಿವೃತ್ತನಾಗುವವನ ಮಡಿಯನ್ನು ಯಂತ್ರ ಓದಿ ಇಟ್ಟುಕೊಳ್ಳುತ್ತದೆ, ಬೇಕಾದಾಗ ಇನ್ನೊಬ್ಬರಲ್ಲಿ ಬರೆಯುತ್ತದೆ. ನೋವಿಲ್ಲ, ರಕ್ತವಿಲ್ಲ. ಆದರೆ ಜಾಗ ಹೊಸದಾಗಿ ಹುಟ್ಟುವುದಿಲ್ಲವಲ್ಲ. ಹೊಸ ಮಡಿ ಬಿತ್ತಬೇಕೆಂದರೆ ಹಳೆಯದೊಂದನ್ನು ಹರಗಿ ಅಳಿಸಬೇಕು.

ಯಾವುದನ್ನು ಹರಗಬೇಕೆಂದು ಯಂತ್ರ ಇಲಾಖೆಯ ಪಟ್ಟಿ ನೋಡಿ ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಸಂಖ್ಯೆ ಇರುವ ಕೌಶಲ್ಯ ಪರದೆಯ ಮೇಲೆ ಹಸಿರಾಗಿ ಕಾಣುತ್ತದೆ. ಸಂಖ್ಯೆ ಇಲ್ಲದ್ದೆಲ್ಲ ಬೂದು ಬಣ್ಣ. ಯಂತ್ರ ಅದನ್ನು ಓದಿ ಇಟ್ಟುಕೊಳ್ಳುವುದೂ ಇಲ್ಲ, ಅದರ ಮೇಲೆ ‘ಖಾಲಿ’ ಎಂದು ಬರೆದುಬಿಡುತ್ತದೆ. ಪಟ್ಟಿಯಲ್ಲಿಲ್ಲದ್ದು ಲೋಕದಲ್ಲೇ ಇಲ್ಲ ಎಂದು ತಿಳಿಯುವ ಬುದ್ಧಿ ನಮ್ಮ ಕಚೇರಿಗಳಿಗೆ ಮಾತ್ರ ಬರಲು ಸಾಧ್ಯ. ಹೀಗೆ ಖಾಲಿ ಹುಡುಕಿ ತುಂಬುವ ತಾಲ್ಲೂಕು ಕೌಶಲ್ಯ ಕೋಶದ ತಂತ್ರಜ್ಞ ನಾನು, ಫಕ್ಕೀರೇಶ. ಊರಲ್ಲಿ ಎಲ್ಲರೂ ಬಳೆಗಾರ ಅನ್ನುತ್ತಾರೆ. ಬಳೆ ತೊಡಿಸುವವನು ತಾನು ತೊಡುವಂತಿಲ್ಲ ಎಂಬ ನಿಯಮವಿದೆ, ಆ ನಿಯಮದ ನೆರಳಲ್ಲಿ ನಾನು ಹಾಯಾಗಿದ್ದೆ.

ಉಳಿದವರು ಹಾಯಾಗಿರಲಿಲ್ಲ. ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಕಾಂಪೌಂಡರ್ ಪ್ರಭಾರ ಬಂದ ಮರುದಿನ ಸೈಕಲ್ಲಿನ ಹ್ಯಾಂಡಲ್ ಹಿಡಿಯಲು ಬರಲಿಲ್ಲ. ಗ್ರಾಮ ಲೆಕ್ಕಿಗರು ಭಜನಾ ಮೇಳದಲ್ಲಿ ತಬಲಾ ನುಡಿಸುತ್ತಿದ್ದರು. ಈಗ ಅವರು ಬಹಳ ಚೆನ್ನಾಗಿ ಎಕ್ಸ್‌ರೇ ತೆಗೆಯುತ್ತಾರೆ, ಮೇಳದವರು ಬರೀ ತಾಳ ಕುಟ್ಟಿಕೊಂಡು ಹಾಡುತ್ತಾರೆ. ಜನ ಹೊಂದಿಕೊಂಡರು. ಹೊಂದಿಕೊಳ್ಳದೆ ಇನ್ನೇನು ಮಾಡುತ್ತಾರೆ? ಕೆಲಸ ಬಿಡುತ್ತೇನೆಂದರೆ ಸರ್ಕಾರ ತುಂಬಿದ್ದನ್ನೆಲ್ಲ ವಾಪಸು ತೆಗೆಯುತ್ತದೆ, ಅದರ ಜೊತೆ ನಿಮ್ಮ ಮೂಲ ಕಸುಬಿನ ಕೈಯನ್ನೂ ಒಯ್ಯುತ್ತದೆ.

ನಮ್ಮ ಮನೆಯಲ್ಲಿ ಮೊದಲು ಹೋದದ್ದು ರೊಟ್ಟಿ.

ದಾಕ್ಷಾಯಿಣಿಗೆ ಲ್ಯಾಬಿನವರ ಪ್ರಭಾರ ಬಂತು, ದನದ ಡಾಕ್ಟರರದು ಬಂತು, ಆಮೇಲೆ ಹಲ್ಲಿನ ಡಾಕ್ಟರರದೂ ಬಂತು. ಅದನ್ನು ತುಂಬಿದ ಮರುದಿನ ಬೆಳಗ್ಗೆ ಅವಳು ಒಲೆಯ ಮುಂದೆ ಕೂತು ಜೋಳದ ಹಿಟ್ಟು ನಾದಿ, ಉಂಡೆ ಇಟ್ಟು, ಬಡಿಯಲು ಅಂಗೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ನಾನು ಚಹಾ ಕುಡಿಯುತ್ತಾ ನೋಡುತ್ತಿದ್ದೆ.

“ಯಾಕ, ಏನಾತು?” ಅಂದೆ.

“ಕೈ ಬರವಲ್ದು,” ಅಂದಳು. “ನಾ ಹ್ಯಾಂಗ ಬಡೀತಿದ್ದೆ ಹೇಳ್ರಿ. ಇಷ್ಟು ವರ್ಷ ಕುಂತು ತಿಂದೀರಲ್ಲ, ನೋಡಿಲ್ಲೇನು?”

ನೋಡಿದ್ದೆ. ಆದರೆ ನೋಡಿದವನಿಗೆ ಅದನ್ನು ಹೇಳಲು ಬರುವುದಿಲ್ಲ. ಅವಳು ಉಂಡೆಯನ್ನು ಒತ್ತಿ, ಹರಿದು, ಮತ್ತೆ ಒಟ್ಟು ಮಾಡಿ, ಕೊನೆಗೆ ಹಿಟ್ಟಿನ ಬೋಗುಣಿಯನ್ನು ಮೂಲೆಗೆ ತಳ್ಳಿ ಎದ್ದುಹೋದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಅನ್ನ. ನಾನು ಅನ್ನ ತಿಂದು ಬೆಳೆದವನಲ್ಲ, ಹೊಟ್ಟೆ ತುಂಬಿದ ಹಾಗೇ ಆಗುವುದಿಲ್ಲ, ಆದರೂ ಬಾಯಿ ತೆಗೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ತೆಗೆಯಲಿ?

ರೊಟ್ಟಿ ಹೋದಾಗ ನನಗೆ ಬೇಜಾರಾಗಿತ್ತು. ಭಯ ಆದದ್ದು ಇಂಚರಳ ವಿಷಯಕ್ಕೆ.

ಇಂಚರ ನಮ್ಮ ಮಗಳು, ಐದನೆಯ ತರಗತಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಹೆಸರಿಡುವಾಗ ಅದು ನಮಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ದಾಕ್ಷಾಯಿಣಿ ಹೆಸರು ಬದಲಿಸಲು ಬಿಡಲಿಲ್ಲ. ಕಿವುಡ ಮಕ್ಕಳ ಶಾಲೆಗಳಲ್ಲಿ ಕಲಿಸುವ ಕೈಭಾಷೆಯೊಂದಿದೆ, ಅಂಥ ಶಾಲೆ ನಮ್ಮ ತಾಲ್ಲೂಕಿನಲ್ಲಿಲ್ಲ. ತಾಯಿ ಮಗಳು ತಾವೇ ಒಂದು ಭಾಷೆ ಮಾಡಿಕೊಂಡರು. ಅಂಗೈಗೆ ಮುಷ್ಟಿಯಿಂದ ಠಸ್ಸೆ ಒತ್ತಿದರೆ ಕಚೇರಿ. ಪಾದದಿಂದ ಎರೆಮಣ್ಣು ಕೊಡವಿದ ಹಾಗೆ ಮಾಡಿದರೆ ಮಳೆ. ಮಣಿಕಟ್ಟಿನ ಸುತ್ತ ಬೆರಳು ತಿರುವಿದರೆ ನಾನು, ಬಳೆಗಾರ. ನಿಧಾನವಾಗಿ ಮಾತಾಡಿದರೆ ನನಗೂ ಅರ್ಧ ತಿಳಿಯುತ್ತಿತ್ತು. ಅವರಿಬ್ಬರೂ ಅಡುಗೆಮನೆಯಲ್ಲಿ ಕೂತು ಬಿರುಸಾಗಿ ಶುರು ಹಚ್ಚಿಕೊಂಡರೆ ಮಾತ್ರ ನನ್ನ ಕಣ್ಣು ಸೋತುಹೋಗುತ್ತಿತ್ತು. ನಡುನಡುವೆ ಆ ಮಣಿಕಟ್ಟಿನ ಸನ್ನೆ ಬರುತ್ತಿತ್ತು, ಇಬ್ಬರೂ ನನ್ನ ಕಡೆ ನೋಡಿ ನಗುತ್ತಿದ್ದರು. ಏನು ಅಂತ ಕೇಳಿದರೆ, “ನಿಮ್ಮ ಸುದ್ದಿ ಅಲ್ರಿ, ಸುಮ್ಕಿರ್ರಿ,” ಅನ್ನುತ್ತಿದ್ದಳು ದಾಕ್ಷಾಯಿಣಿ.

ಶಾಲೆ ಬಿಟ್ಟ ಮೇಲೆ ಇಂಚರ ಹೋಗಿ ಕೂರುತ್ತಿದ್ದದ್ದು ಓಣಿಯ ಕೊನೆಗಿರುವ ದಾದಾಪೀರನ ಗುಜರಿ ಅಂಗಡಿಯಲ್ಲಿ. ದಿನವಿಡೀ ಅಲ್ಲಿ ತಗಡು ಬಡಿಯುತ್ತಾರೆ, ಕಬ್ಬಿಣ ಕೊಯ್ಯುತ್ತಾರೆ. ನಾವು ಆ ದಾರಿಯಲ್ಲಿ ಹೋಗುವಾಗ ಕಿವಿ ಮುಚ್ಚಿಕೊಂಡರೆ ಅವಳು ಆರಾಮಾಗಿ ಡಬ್ಬದ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಕುಟ್ಟಿದರೆ ದಾದಾಪೀರ ಎಂದು ಅವಳ ಭಾಷೆಯಲ್ಲಿ ಅರ್ಥ.

ಹೀಗಿರುವಾಗ ತಾಲ್ಲೂಕು ನ್ಯಾಯಾಲಯದ ಬೆರಳಚ್ಚುಗಾರರು ನಿವೃತ್ತರಾದರು. ತೀರ್ಪಿನ ಪ್ರತಿಯನ್ನು ಮನುಷ್ಯನೇ ಬೆರಳಚ್ಚು ಮಾಡಬೇಕೆಂಬ ಹಳೆಯ ನಿಯಮ ಇನ್ನೂ ಉಳಿದಿದೆ. ಅವರ ಪ್ರಭಾರಕ್ಕೆ ಯಂತ್ರ ಇಡೀ ತಾಲ್ಲೂಕಿನ ನೌಕರರನ್ನೆಲ್ಲ ಜಾಲಾಡಿ ಒಂದು ಹೆಸರು ಕೊಟ್ಟಿತು, ದಾಕ್ಷಾಯಿಣಿ.

ನಮ್ಮ ಸಹಾಯಕ ನಿರ್ದೇಶಕರು ತಿಪ್ಪೇಸ್ವಾಮಿ, ಚಿತ್ರದುರ್ಗದ ಕಡೆಯವರು. ಸುತ್ತಲಿನ ಎಲ್ಲ ತಾಲ್ಲೂಕುಗಳ ಪ್ರಭಾರ ಅವರ ತಲೆಯ ಮೇಲಿತ್ತು, ವಾರಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಆವತ್ತು ಅವರು ನನ್ನ ಹಿಂದೆಯೇ ನಿಂತಿದ್ದರು. ದಾಕ್ಷಾಯಿಣಿ ಬಳೆ ತೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ಅವಳ ಕೈಗಳ ನಕ್ಷೆ ಬಂತು. ಹಸಿರು ಮಡಿಗಳು, ನಡುವೆ ದೊಡ್ಡದೊಂದು ಬೂದು ಮಡಿ. ಅದರ ಮೇಲೆ ‘ಖಾಲಿ, ಬಳಕೆಗೆ ಯೋಗ್ಯ’ ಎಂದು ಬರೆದಿತ್ತು.

ಕೂತು ಕೂತು ಬೇಸರವಾಗಿ ಅವಳು ನನ್ನ ಕಡೆ ತಿರುಗಿ ಕೈಯಲ್ಲೇ ಏನೋ ಅಂದಳು. ಸಾಹೇಬರ ಮೀಸೆ ಬೂಟ್ ಪಾಲಿಷ್ ಮಾಡುವ ಬ್ರಷ್ಷಿನ ಹಾಗಿದೆ ಎನ್ನುವುದು ಅದರ ಅರ್ಥ. ಅವಳ ಬೆರಳು ಆಡಿದ ಹಾಗೆಲ್ಲ ಆ ಬೂದು ಮಡಿ ಮೂಲೆಯಿಂದ ಮೂಲೆಗೆ ಬೆಳಗಿತು.

“ಸರ್, ಇದು ಖಾಲಿ ಅಲ್ರಿ,” ಅಂದೆ.

“ಬೂದು ಇದ್ಯಲ್ಲ ಫಕ್ಕೀರೇಶ್.”

“ಇದು ನನ್ನ ಹೆಂಡ್ತಿ ನನ್ನ ಮಗಳ ಜೋಡಿ ಮಾತಾಡೋ ಕೈ ಸರ್. ಇದನ್ನ ಹರಗಿದ್ರ ಆ ಹುಡುಗಿಗೆ ತಾಯಿ ಜೋಡಿ ಮಾತ ಇರೂದಿಲ್ಲ.”

ಅವರು ಕನ್ನಡಕ ತೆಗೆದು ಪರದೆಗೆ ಮುಖ ಹತ್ತಿರ ಮಾಡಿ ನೋಡಿದರು. “ಸಂಖ್ಯೆ ಇದೆಯಾ ಅದಕ್ಕೆ?”

“ಇಲ್ಲ.”

“ಮಂಜೂರಾದ ಹುದ್ದೆ?”

“ಮನಿಯಾಗ ಮಾತಾಡಾಕ ಹುದ್ದೆ ಯಾಕ ಬೇಕ್ರಿ ಸರ್?”

“ನನಗೇನು ಅರ್ಥ ಆಗಲ್ವಾ? ನೌಕರರ ಕ್ರೀಡಾಕೂಟದಲ್ಲಿ ಕೇರಂನಲ್ಲಿ ನನ್ನ ಸೋಲಿಸೋರೇ ಇರಲಿಲ್ಲ. ಈಗ ಸ್ಟ್ರೈಕರ್ ಇಟ್ಕೊಂಡು ಸುಮ್ನೆ ಕೂತಿರ್ತೀನಿ. ಯಾರಿಗೆ ಹೇಳ್ಲಿ?” ಅಂದರು. ಆಮೇಲೆ ದನಿ ತಗ್ಗಿಸಿ, “ಮುಂದಿನ ವಾರದ ತನಕ ಟೈಮ್ ತಗೊಳ್ಳಿ. ಏನಾದ್ರೂ ದಾರಿ ಇದ್ರೆ ನೋಡಿ. ಇಲ್ಲಾಂದ್ರೆ ತುಂಬ್ಲೇಬೇಕು,” ಅಂದರು.

ಮನೆಗೆ ಬಂದು ಹೇಳಿದೆ. ದಾಕ್ಷಾಯಿಣಿ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅದೇ ಕಷ್ಟವಾಯಿತು.

“ಕೆಲಸ ಬಿಡ್ತೇನಿ,” ಅಂದಳು. ಆಮೇಲೆ ತಾನೇ, “ಬಿಟ್ರ ಹೆರಿಗಿ ಮಾಡ್ಸೋ ಕೈನೂ ಒಯ್ತಾರ. ಸುತ್ತ ಹಳ್ಳ್ಯಾಗ ಬಸುರಿ ಹೆಣ್ಮಕ್ಕಳು ಅದಾರ, ಅವರ್ನ ಯಾರು ನೋಡ್ತಾರ?” ಅಂದಳು. ಇಂಚರ ಬಾಗಿಲಲ್ಲಿ ನಿಂತು ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದಳು. ಏನೆಂದು ಕೈಯಲ್ಲಿ ಕೇಳಿದಳು. ದಾಕ್ಷಾಯಿಣಿ ಅಂಗೈಗೆ ಠಸ್ಸೆ ಒತ್ತಿ ತೋರಿಸಿ, ಏನಿಲ್ಲ ಎಂದಳು.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಖ್ಯೆ ಕೊಡಿಸಲು ಓಡಾಡಿದೆ. ಹುದ್ದೆಯಿಲ್ಲದೆ ಸಂಖ್ಯೆ ಇಲ್ಲ ಅಂದರು, ಸಂಖ್ಯೆಯಿಲ್ಲದೆ ಹುದ್ದೆ ಇಲ್ಲ ಅಂದರು. ಒಬ್ಬರು, “ಸಂಖ್ಯೆ ಕೊಟ್ಟೆವು ಅಂತಿಟ್ಕೋ, ಆಮ್ಯಾಲ ಅದು ಸರ್ಕಾರದ್ದಾಗತೈತಿ. ಯಾವುದೋ ಊರವ್ರು ಬೇಕಂದ್ರ ಓದಿ ಒಯ್ತಾರ,” ಅಂದರು. ಅದೂ ನಿಜವೇ. ಸಿಟ್ಟಿನಲ್ಲಿ ಕೋಶದ ಅಂಗಳಕ್ಕೆ ಬಂದು ಅತ್ತಿಂದಿತ್ತ ತಿರುಗಾಡುವಾಗ ಮೊಣಕಾಲಿಗೆ ಜೀಪಿನ ಬಂಪರ್ ಬಡಿಯಿತು.

ಆ ಜೀಪು ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅಲ್ಲೇ ಇದೆ. ಗಾಲಿಗಳಿಲ್ಲ, ಬಾನೆಟ್ಟಿನೊಳಗಿಂದ ಬೇವಿನ ಗಿಡ ಎದ್ದು ಮರವಾಗಿದೆ. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ‘ನಿರುಪಯುಕ್ತ, ವಿಲೇವಾರಿ ಬಾಕಿ’ ಎಂದು ಬರೆದಿದೆ. ಅಂಗಳಕ್ಕೆ ಕಾಂಕ್ರೀಟು ಹಾಕಿದಾಗ ಗುತ್ತಿಗೆದಾರ ಜೀಪಿನ ಸುತ್ತ ಬಿಟ್ಟು ಹಾಕಿದ. ಹೊಸ ಕಟ್ಟಡದ ಗೋಡೆ ಅದಕ್ಕೆ ಹೆದರಿ ಪಕ್ಕಕ್ಕೆ ಸರಿದಿದೆ. ವಿಲೇವಾರಿ ಸಮಿತಿ ಸಭೆ ಸೇರುವ ತನಕ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ, ಸಮಿತಿ ಸಭೆ ಸೇರಿದ್ದನ್ನು ಕಂಡವರೂ ಇಲ್ಲ. ಸರ್ಕಾರದಲ್ಲಿ ಬೇಕಾದ ವಸ್ತುವನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಬೇಡವೆಂದು ಒಮ್ಮೆ ಬರೆದದ್ದನ್ನು ದೇವರೂ ಕದಲಿಸಲಾರ.

ಮೊಣಕಾಲು ಉಜ್ಜುತ್ತಾ ಒಳಗೆ ಓಡಿದೆ.

ನಿರುಪಯುಕ್ತ ವಸ್ತುಗಳಿಗೆ ಹುದ್ದೆ ಬೇಕಿಲ್ಲ, ತಂತ್ರಜ್ಞನ ಪ್ರಮಾಣಪತ್ರ ಸಾಕು. ‘ಸದರಿ ಕೌಶಲ್ಯವು ಸರ್ಕಾರದ ಯಾವುದೇ ಉಪಯೋಗಕ್ಕೆ ಬಾರದೆಂದು ಪ್ರಮಾಣೀಕರಿಸಿದೆ’ ಎಂದು ಬರೆದು ಸಹಿ ಹಾಕಿದೆ. ತಿಪ್ಪೇಸ್ವಾಮಿಯವರು ಓದಿದರು, ಕಿಟಕಿಯಾಚೆ ಜೀಪನ್ನು ನೋಡಿದರು, ನನ್ನನ್ನು ನೋಡಿದರು. “ಪರವಾಗಿಲ್ಲ, ಪಳಗಿಬಿಟ್ರಿ ನೀವು,” ಎಂದು ಒಪ್ಪಿಗೆ ಹಾಕಿದರು. ಪರದೆಯ ಮೇಲೆ ಬೂದು ಮಡಿ ಕಂದು ಬಣ್ಣಕ್ಕೆ ತಿರುಗಿ, ‘ವಿಲೇವಾರಿ ಬಾಕಿ’ ಎಂದು ತೋರಿಸಿತು. ನ್ಯಾಯಾಲಯಕ್ಕೆ, ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಹೋಯಿತು.

ಸಂಭ್ರಮದಲ್ಲಿ ಅದರ ಪ್ರತಿಯನ್ನು ಮನೆಗೆ ತಂದದ್ದು ನನ್ನ ಹುಚ್ಚುತನ. ಇಂಚರಳಿಗೆ ಓದಲು ಬರುತ್ತದೆ. ಓದಿದಳು. ನಮ್ಮ ಮಾತು ಕೆಲಸಕ್ಕೆ ಬಾರದ್ದಾ ಎಂದು ತಾಯಿಗೆ ಕೈಯಲ್ಲಿ ಕೇಳಿದಳು. ಅಷ್ಟನ್ನು ಮಾತ್ರ ಅವಳು ನಿಧಾನವಾಗಿ, ನನಗೂ ತಿಳಿಯಲಿ ಎಂದೇ ಕೇಳಿದ ಹಾಗಿತ್ತು. ದಾಕ್ಷಾಯಿಣಿ ಕೈಯಲ್ಲೂ ಬಾಯಲ್ಲೂ ಒಟ್ಟಿಗೇ ಹೇಳಿದಳು, “ಅವರ ಕೆಲಸಕ್ಕ ಬಾರದ್ದು. ಅದಕ್ಕ ನಮಗ ಉಳದೈತಿ.”

ಒಂದು ಮಳೆಗಾಲ ಹಾಗೇ ಕಳೆಯಿತು. ನನಗೆ ನೆಮ್ಮದಿ ಅನ್ನುವುದು ಬರಲಿಲ್ಲ. ದಿನಾ ಕೋಶಕ್ಕೆ ಹೋದ ಕೂಡಲೇ ಜೀಪು ಇದೆಯೇ ಎಂದು ನೋಡುವುದು ಚಟವಾಯಿತು. ಅದು ಇರುವ ತನಕ ನಾವೂ ಇದ್ದೇವೆ ಎಂದು ನನ್ನ ಲೆಕ್ಕ.

ಚಳಿಗಾಲದ ಒಂದು ಬೆಳಗ್ಗೆ ಬೇವಿನ ಮರ ಕಡಿದು ಬಿದ್ದಿತ್ತು. ಜೀಪಿನ ಮೈಮೇಲೆ ಕೆಂಪು ಬಣ್ಣದಲ್ಲಿ ಹರಾಜಿನ ಗುರುತು ಹಾಕಿದ್ದರು. ರಾಜ್ಯಾದ್ಯಂತ ವಿಲೇವಾರಿ ಸಪ್ತಾಹವಂತೆ. ಕುಂಟು ಕುರ್ಚಿ, ತೂತು ಬಿದ್ದ ಕಪಾಟು, ಜೀಪು ಎಲ್ಲ ಹೋಗಬೇಕು. ಪಟ್ಟಿಯ ಕೊನೆಯಲ್ಲಿ ‘ಹಸ್ತಕೌಶಲ್ಯ, ಒಂದು’ ಎಂದಿತ್ತು. ಯಾರೂ ಕೊಳ್ಳದ ವಸ್ತುವನ್ನು ಅಲ್ಲೇ ನಾಶಪಡಿಸಬೇಕು. ನೌಕರರಾಗಲಿ ಅವರ ಮನೆಯವರಾಗಲಿ ಹರಾಜಿನಲ್ಲಿ ಕೂಗುವಂತಿಲ್ಲ.

ಯಾರಿಗೆ ಹೇಳಲಿ, ಹೇಗೆ ಹೇಳಲಿ? ನನ್ನ ಹೆಂಡತಿಯ ಮಾತನ್ನು ಹರಾಜಿನಲ್ಲಿ ಹಿಡಿಯಿರಿ ಎಂದು ಓಣಿಯಲ್ಲಿ ಕೇಳುವುದೇ? ಅದರ ಮೇಲೆ, ಪಟ್ಟಣದ ಒಂದು ಕಂಪನಿಯ ಏಜೆಂಟ ಹಳೆಯ ಕೈಗಳನ್ನು ಕೊಳ್ಳುತ್ತಾ ಊರೂರು ತಿರುಗುತ್ತಿದ್ದಾನೆಂಬ ಸುದ್ದಿ ಬಂತು. ಅವರದೇ ಬಳೆಗಳಿವೆಯಂತೆ. ಕೊಂಡದ್ದನ್ನು ಓದಿ ಕೆಲಸ ಮಾಡುವ ಯಂತ್ರದ ಬೊಂಬೆಗಳಿಗೆ ತುಂಬುತ್ತಾರೆ, ಓದಿದ ಮೇಲೆ ಮೂಲವನ್ನು ಅಳಿಸುತ್ತಾರೆ, ಇನ್ನೊಬ್ಬರು ಕೊಳ್ಳಬಾರದಲ್ಲ. ದಾಕ್ಷಾಯಿಣಿಗೆ ಹೇಳಿದೆ. ಅವಳು ಇಂಚರಳಿಗೆ ಎಲ್ಲವನ್ನೂ ಹೇಳಿದಳು. ಮಗುವಿಗೆ ಯಾಕೆ ಹೇಳಿದೆ ಎಂದು ರೇಗಿದರೆ, “ಅದು ಅಕಿದೂ ಅಲ್ಲೇನ್ರಿ?” ಅಂದಳು.

ಹರಾಜಿನ ದಿನ ಅಂಗಳದ ತುಂಬ ಜನ. ಮೇಜಿನ ಹಿಂದೆ ತಿಪ್ಪೇಸ್ವಾಮಿ. ದಾಕ್ಷಾಯಿಣಿ ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದಳು. ಕುರ್ಚಿಗಳು ಹೋದವು, ಕಪಾಟು ಹೋಯಿತು, ಜೀಪನ್ನು ದಾದಾಪೀರ ಹಿಡಿದ. ಕೊನೆಗೆ ನಮ್ಮದು ಬಂತು. ಏಜೆಂಟ ಕೈ ಎತ್ತಿ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿಯ ತೆಳ್ಳಗಿನ ಹುಡುಗ.

“ಮಾಲು ಎತ್ತೋ ದಿನ ಆ ನೌಕರರನ್ನ ನೀವೇ ಕರೆಸಿ ಕೊಡ್ತೀರಲ್ಲ ಸರ್?” ಎಂದು ಕೇಳಿದ.

ತಿಪ್ಪೇಸ್ವಾಮಿ ಹರಾಜಿನ ಷರತ್ತುಗಳ ಕಾಗದವನ್ನು ಕೈಗೆತ್ತಿಕೊಂಡು, ಬೇಕೆಂದೇ ನಿಧಾನವಾಗಿ ಓದಿದರು. “ವಸ್ತುವನ್ನು ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ ಮಾರಲಾಗುವುದು. ಎತ್ತಿಕೊಂಡು ಹೋಗುವ ಜವಾಬ್ದಾರಿ ಖರೀದಿದಾರರದೇ ಆಗಿರುತ್ತದೆ.” ಕಾಗದ ಕೆಳಗಿಟ್ಟು, “ಜೀಪಿಗೂ ಅದೇ, ಇದಕ್ಕೂ ಅದೇ,” ಅಂದರು.

ಏಜೆಂಟ ದಾಕ್ಷಾಯಿಣಿಯ ಕಡೆ ತಿರುಗಿದ. “ಅಕ್ಕಾರ, ನೀವು ನಮ್ಮ ಸೆಂಟರಿಗೆ ಒಂದು ದಿನ ಬಂದು ಕೂತ್ರ ಸಾಕು...”

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. “ನಾ ಕುಂದ್ರೂದಿಲ್ಲಪ. ಸರ್ಕಾರ ಹೇಳಿದ್ರ ಕುಂದ್ರಬೇಕು, ನಾ ಅವರ ನೌಕರಳು. ನಿಂಗ ನಾ ಏನೂ ಅಲ್ಲ,” ಅಂದಳು. ಹುಡುಗ ತನ್ನ ಚೀಲ ತೆಗೆದುಕೊಂಡು ಹೊರಟುಹೋದ.

ಈಗ ಕೊಳ್ಳುವವರೇ ಇಲ್ಲ. ಕೊಳ್ಳುವವರಿಲ್ಲದಿದ್ದರೆ ನಾಶ. ಹರಾಜು ಕರೆಯುವಾತ ಒಂದು ಸಾರಿ ಅಂದ, ಎರಡು ಸಾರಿ ಅಂದ. ನನಗೆ ನಿಯಮ ಮುರಿದು ನಾನೇ ಕೂಗಿಬಿಡಬೇಕು ಅನ್ನಿಸಿ ಬಾಯಿ ತೆರೆದೆ. ಅಷ್ಟರಲ್ಲಿ ಗೇಟಿನ ಹತ್ತಿರ ಇಂಚರ ಕಂಡಳು. ಶಾಲೆ ತಪ್ಪಿಸಿ ಬಂದಿದ್ದಳು. ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಕುಟ್ಟಿ, ಆಮೇಲೆ ಸರಸರನೆ ಏನೋ ಹೇಳಿದಳು. ದಾದಾಪೀರ ಜನರ ನಡುವಿನಿಂದ ತಲೆಯೆತ್ತಿ ಅವಳಿಗೆ ಉತ್ತರ ಕೊಟ್ಟ, ಕೈಯಲ್ಲೇ, ಅವಳಷ್ಟೇ ಚುರುಕಾಗಿ. ನಾನು ಕಣ್ಣು ಬಿಟ್ಟುಕೊಂಡು ನೋಡಿದೆ.

“ಜೀಪಿನ ಜೋಡಿ ಅದನ್ನೂ ನನ್ನ ಹೆಸರ್ಲೆ ಬರೀರಿ ಸಾಹೇಬ್ರ,” ಅಂದ ಅವನು.

ಅಂದು ಸಂಜೆ ದಾದಾಪೀರ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಅವನಿಗೆ ಈ ಭಾಷೆ ಹೇಗೆ ಬರುತ್ತದೆಂದು ಕೇಳಿದೆ.

“ಅಣ್ಣಾರ, ನನ್ನ ಅಂಗಡ್ಯಾಗ ತಗಡು ಬಡಿಯೋ ಸದ್ದಿನ್ಯಾಗ ಒಬ್ಬರ ಮಾತು ಒಬ್ಬರಿಗೆ ಕೇಳ್ತೈತೇನು? ಮೊದಲ ಒದರಿ ಒದರಿ ಗಂಟಲ ಹರೀತಿತ್ತು. ಈ ಹುಡುಗಿ ಬಂದ ಮ್ಯಾಲ ನಮ್ಮವ್ರೆಲ್ಲಾ ಕೈಲೇ ಮಾತಾಡ್ತೀವಿ. ಇದು ಇಲ್ದಿದ್ರ ನನ್ನ ಅಂಗಡಿ ನಡ್ಯೂದಿಲ್ಲ. ನೀವು ಅದನ್ನ ನಿರುಪಯುಕ್ತ ಅಂತ ಬರದೀರಂತ,” ಎಂದು ನಕ್ಕ. ಚಹಾ ಕುಡಿದು ಏಳುವಾಗ ದಾಕ್ಷಾಯಿಣಿಗೆ, “ಅಕ್ಕಾರ, ನನ್ನ ಗಾಡ್ಯಾಗ ಜಾಗ ಇಲ್ಲ. ನನ್ನ ಸಾಮಾನು ನಿಮ್ಮ ಕೈಯಾಗ ಇರಲಿ,” ಅಂದ.

ಮರುವಾರ ಪರದೆಯ ಮೇಲೆ ದಾಕ್ಷಾಯಿಣಿಯ ನಕ್ಷೆ ತೆರೆದರೆ ಆ ಮಡಿ ನೀಲಿಯಾಗಿತ್ತು. ‘ಖಾಸಗಿ ಸ್ವತ್ತು, ಪ್ರವೇಶವಿಲ್ಲ’ ಎಂದಿತ್ತು. ನಾನು ತಿಪ್ಪೇಸ್ವಾಮಿಯವರ ಮುಖ ನೋಡಿದೆ. ಅವರು ನಗಲಿಲ್ಲ. ನ್ಯಾಯಾಲಯದ ಜ್ಞಾಪನಾ ಪತ್ರ ಅವರ ಕೈಯಲ್ಲಿತ್ತು.

“ತೀರ್ಪುಗಳು ಕೊಳೀತಾ ಬಿದ್ದಿವೆ ಅಂತ ಬರೆದಿದ್ದಾರೆ. ಯಂತ್ರ ಮತ್ತೆ ನಿಮ್ಮ ಹೆಂಡ್ತಿ ಹೆಸರೇ ಕೊಡ್ತಿದೆ ಫಕ್ಕೀರೇಶ್. ಸಣ್ಣಸಣ್ಣ ಬೂದು ಮಡಿಗಳು ಇನ್ನೂ ಇವೆ, ಎಲ್ಲಾ ಸೇರಿಸಿದ್ರೆ ಜಾಗ ಆಗುತ್ತೆ ಅಂತ.”

ಆ ಸಣ್ಣ ಮಡಿಗಳು ಯಾವುವೆಂದು ನನಗೆ ಗೊತ್ತಿತ್ತು. ಇಂಚರಳ ಜಡೆ ಹೆಣೆಯುವುದು. ಅವಳ ಅಂಗಿಗೆ ಕಸೂತಿ ಹಾಕುವುದು. ಜ್ವರ ಬಂದಾಗ ಬೆನ್ನು ಸವರುವುದು. ಇವತ್ತು ಇದು, ನಾಳೆ ಅದು. ನಾನೆಷ್ಟು ಜೀಪುಗಳನ್ನು ಹುಡುಕಲಿ? ವರ್ಷಗಟ್ಟಲೆ ಈ ಕುರ್ಚಿಯಲ್ಲಿ ಊರಿನವರನ್ನೆಲ್ಲ ಕೂರಿಸಿದ್ದೆ. ಎದುರಿನಿಂದ ಅದು ಹೇಗೆ ಕಾಣುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಹೋಗಿ ಕೂತೆ.

“ಆ ಬೆರಳಚ್ಚು ನನಗ ತುಂಬ್ರಿ, ನಿಯಮಕ್ಕ ವಿನಾಯಿತಿ ಬರೀರಿ ಸರ್. ಯಂತ್ರ ನಡಸೂ ಪ್ರಭಾರ ನಿಮ್ಮ ಹತ್ರಾನೂ ಐತಲ್ಲ.”

ತಿಪ್ಪೇಸ್ವಾಮಿ ಬಳೆ ತೊಡಿಸಿ ಪರದೆ ನೋಡಿದರು. ನನ್ನ ನಕ್ಷೆಯಲ್ಲಿ ಒಂದೇ ಒಂದು ಹಸಿರು, ಉಳಿದದ್ದೆಲ್ಲ ಬೂದು. “ಮಗಳ ಜೊತೆ ನೀವೂ ಸ್ವಲ್ಪ ಮಾತಾಡ್ತೀರಲ್ವಾ? ಅದು ಮೊದಲು ಹೋಗುತ್ತೆ. ಗೊತ್ತು ತಾನೆ?”

“ಅರ್ಧಾನ ಬರ್ತೈತ್ರಿ ನನಗ,” ಅಂದೆ. ಅರ್ಧ ಹೋಗುವುದು ದೊಡ್ಡದಲ್ಲ ಎನ್ನುವ ಹಾಗೆ ಹೇಳಿದೆ.

ಸಂಜೆ ಮನೆಗೆ ಬಂದಾಗ ಇಂಚರ ಕಟ್ಟೆಯ ಮೇಲೆ ಕಾಯುತ್ತಿದ್ದಳು. ನನ್ನನ್ನು ಕಂಡು ಎದ್ದು ಕೈಯಾಡಿಸಿದಳು. ಆ ಬೆರಳುಗಳು ಬರೀ ಆಡಿದವು. ಕೈ ಮರೆತದ್ದನ್ನು ಕಣ್ಣೂ ಮರೆತಿತ್ತು, ಏನೂ ತಿಳಿಯಲಿಲ್ಲ. ಉತ್ತರ ಕೊಡಲು ನನ್ನ ಕೈ ಎತ್ತಿದೆ, ಅದು ಹಾಗೇ ನಿಂತಿತು, ಅಂದು ಹಿಟ್ಟಿನ ಉಂಡೆಯ ಮೇಲೆ ದಾಕ್ಷಾಯಿಣಿಯ ಕೈ ನಿಂತ ಹಾಗೆ. ನನಗೆ ಅಳು ಬಂತು. ಮಗಳೆದುರು ಅಳಬಾರದೆಂದು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ದಾಕ್ಷಾಯಿಣಿ ಹೊರಗೆ ಬಂದಳು. ನಾನು ಹೇಳಿದೆ, ಅವಳು ಮಗಳಿಗೆ ಹೇಳಿದಳು. ಬಹಳ ಹೊತ್ತು ಹೇಳಿದಳು. ಇಂಚರ ನನ್ನನ್ನು ಎಳೆದು ಕಟ್ಟೆಯ ಮೇಲೆ ಕೂರಿಸಿದಳು. ನನ್ನ ಕೈ ಹಿಡಿದು, ನನ್ನ ಬೆರಳುಗಳನ್ನು ನನ್ನದೇ ಮಣಿಕಟ್ಟಿನ ಸುತ್ತ ತಿರುವಿದಳು. ಅದು ನಾನು ಎಂದು ದಾಕ್ಷಾಯಿಣಿ ಬಾಯಲ್ಲಿ ಹೇಳಿದಳು. ನಾನು ಮಾಡಿ ತೋರಿಸಿದೆ. ಬೆರಳಚ್ಚುಗಾರನ ಬೆರಳುಗಳು, ಒಂದೊಂದೂ ಬೇರೆಯಾಗಿ ಪಟಪಟ ಬಡಿದವು. ಇಂಚರ ಬಿದ್ದು ಬಿದ್ದು ನಕ್ಕಳು. ತಾಯಿಗೆ ಏನೋ ಹೇಳಿದಳು.

“ಏನಂತಾಳ?” ಅಂದೆ.

“ಯಾಕ ಇಷ್ಟು ಗಡಿಬಿಡಿ ಮಾಡ್ತಾನ ಅಂತಾಳ. ದಿನಾ ಸಂಜಿಮುಂದ ಪಾಠ ಅಂತ. ಕಲೀದಿದ್ರ ಏಟು ಬೀಳ್ತಾವು ಅಂತ.”

“ಈಗ ಸರ್ಕಾರ ಮತ್ತ ಹರಗಿದ್ರ?”

“ಮತ್ತ ಕಲಿಸ್ತೀವಿ,” ಎಂದು ದಾಕ್ಷಾಯಿಣಿ ನನ್ನ ಹಿಂದೆ ಬಂದು ನಿಂತಳು. ಅಂಗೈಯಿಂದ ನನ್ನ ಬೆನ್ನಿಗೆ ಎರಡು ಏಟು ಹಾಕಿದಳು, ದನದ ಡಾಕ್ಟರರ ಕೈ. ಇಂಚರ ಎದುರಿಗೆ ಕೂತು ಮುಂದಿನ ಮಾತಿಗೆ ಬೆರಳೆತ್ತಿದಳು. ಆ ಎರಡು ಏಟು ಬಿದ್ದರೆ ಆಮೇಲಿನದು ತಿಳಿಯುವುದಿಲ್ಲ ಅನ್ನುತ್ತಾರೆ. ಸುಳ್ಳು, ನನಗೆಲ್ಲ ತಿಳಿಯುತ್ತಿತ್ತು.